ಬೀಳೋದು ಕಲಿಯೋಕೆ ಎರಡು ತಿಂಗಳು ಬೇಕಾಯ್ತು

ನನ್ನ ಎಡಗಿವಿ ನೋಡಿದರೆ ಯಾರೋ ರಾಗಿ ಮುದ್ದೆ ಹಿಸುಕಿ ಅಂಟಿಸಿದ ಹಾಗಿದೆ. ಕುಸ್ತಿಯಲ್ಲಿ ಎದುರಿನವನ ತಲೆಗೆ ಕಿವಿ ಉಜ್ಜಿ ಉಜ್ಜಿ ಒಳಗೆ ರಕ್ತ ಕಟ್ಟುತ್ತದೆ. ಬೇಗ ತೆಗೆಸದಿದ್ದರೆ ಅಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ನಾನು ತೆಗೆಸಲಿಲ್ಲ. ಹದಿನೇಳರ ಹುಡುಗರಿಗೆ ಆ ಕಿವಿ ಮೀಸೆ ಬಂದಷ್ಟೇ ಹೆಮ್ಮೆ. ಅಮ್ಮ ಮಾತ್ರ, "ನಿಂಗೆ ಯಾರೋ ಹೆಣ್ಣು ಕೊಡ್ತಾರೆ?" ಅಂತ ದಿನಾ ಬೈಯುತ್ತಿದ್ದಳು. ಹೆಣ್ಣು ಆಮೇಲೆ ಸಿಕ್ಕಿತು. ಅದಕ್ಕೂ ಮೊದಲು ಆ ಕಿವಿಯಿಂದ ಸಿನಿಮಾ ಸಿಕ್ಕಿತು.

1999. ಮೈಸೂರಿನಲ್ಲಿ ದಸರಾ ಕುಸ್ತಿ ಮುಗಿದು ಹತ್ತು ದಿನ ಆಗಿತ್ತು. ನಮ್ಮ ಗರಡಿಗೆ ಒಬ್ಬ ಫೈಟ್ ಮಾಸ್ಟರ್ ಬಂದರು. ದಪ್ಪಗಿರೋ ನಾಲ್ಕು ಜನ ಬೇಕಿತ್ತು. ಸಾಲಾಗಿ ನಿಲ್ಲಿಸಿ, ಸಂತೆಯಲ್ಲಿ ಎತ್ತು ನೋಡುವ ಹಾಗೆ ನೋಡಿದರು. ನನ್ನ ಗಲ್ಲ ಹಿಡಿದು ಮುಖ ಪಕ್ಕಕ್ಕೆ ತಿರುಗಿಸಿ, "ಈ ಕಿವಿ ಕ್ಲೋಸಪ್‌ಗೆ ಆಗುತ್ತೆ" ಅಂದರು. ದಿನಕ್ಕೆ 300 ರೂಪಾಯಿ, ಊಟ. ನಾನು ಯೋಚನೆ ಮಾಡಲೇ ಇಲ್ಲ. ಖುರಾಕಿಗೆ ಹಾಲು, ಬಾದಾಮಿ, ಮಟನ್ ಅಂತ ಮನೆಯಲ್ಲಿ ಅಪ್ಪ ಮಾಡಿದ್ದ ಸಾಲ ಅಷ್ಟಿತ್ತು.

ಗರಡಿಯಿಂದ ಸಿನಿಮಾಗೆ ಹೋಗೋದು ನಮ್ಮ ಕಡೆ ಹೊಸದೇನಲ್ಲ. ಎಂ.ಪಿ. ಶಂಕರ್ ನಮ್ಮೂರಿನವರೇ. ಪೈಲ್ವಾನರಾಗಿದ್ದವರು. 1965ರ ಸತ್ಯ ಹರಿಶ್ಚಂದ್ರದಲ್ಲಿ ವೀರಬಾಹು ಆಗಿ ಅವರು ಬಂದು ನಿಂತರೆ ಸಾಕು, ಸ್ಮಶಾನ ಯಾರದ್ದು ಅಂತ ಬೇರೆ ಹೇಳಬೇಕಾಗಿಲ್ಲ. ಆಮೇಲೆ ಬರೀ ಕೇಡಿಗನಾಗಿ ಹೊಡೆಸಿಕೊಂಡು ಕೂರದೆ ನಿರ್ಮಾಪಕರೂ ಆದರು. 1973ರ ಗಂಧದ ಗುಡಿ ಅವರೇ ತೆಗೆದದ್ದು. 2008ರಲ್ಲಿ ತೀರಿಕೊಂಡರು. ಹೊಸದಾಗಿ ಸೇರಿದ ಹುಡುಗ ಸೋಂಬೇರಿತನ ಮಾಡಿದರೆ ನಮ್ಮ ಉಸ್ತಾದರು ಅವರ ಹೆಸರು ಎತ್ತುತ್ತಿದ್ದರು. ಸಿನಿಮಾ ಆಸೆ ಹುಟ್ಟಿಸೋದಕ್ಕಲ್ಲ, ಬಸ್ಕಿ ಜಾಸ್ತಿ ಹೊಡೆಸೋದಕ್ಕೆ.

ಇನ್ನೊಬ್ಬರು ದಾರಾ ಸಿಂಗ್. ಅಪ್ಪನ ಕಾಲದವರಿಗೆ ಅವರು ಕಿಂಗ್ ಕಾಂಗ್ ಅನ್ನೋ ಹೆಸರಿನ ಆ ಭಾರಿ ದೇಹದವನನ್ನು ಎತ್ತಿ ಒಗೆದ ಪೈಲ್ವಾನ್. ಪಂಜಾಬಿನ ಹಳ್ಳಿಯ ಹುಡುಗ 1947ರಲ್ಲಿ ಸಿಂಗಾಪುರಕ್ಕೆ ಹೋಗಿ, ಡ್ರಮ್ ಮಾಡುವ ಕಾರ್ಖಾನೆಯಲ್ಲಿ ದುಡಿದು, ಅಲ್ಲೇ ಕುಸ್ತಿ ಕಲಿತವರು. 1954ರಲ್ಲಿ ರುಸ್ತುಂ-ಎ-ಹಿಂದ್, ಅಂದರೆ ಇಡೀ ದೇಶದ ಕುಸ್ತಿ ಚಾಂಪಿಯನ್. 1968ರಲ್ಲಿ ಬಾಂಬೆಯಲ್ಲಿ ಅಮೆರಿಕದ ಲೂ ಥೆಜ್ ಅವರನ್ನು ಸೋಲಿಸಿದರು. ನನಗೆ ಮಾತ್ರ ಅವರು ಹನುಮಂತ, ಅಷ್ಟೇ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ನನಗೆ ಹತ್ತು ವರ್ಷ. ಅವರಿಗೆ ಅರವತ್ತು ಹತ್ತಿರ! ಭಾನುವಾರ ಬೆಳಿಗ್ಗೆ ಒಂಬತ್ತೂವರೆ ಆಗುವ ಮೊದಲೇ ಗರಡಿ ಖಾಲಿ. ಗೋಡೆಯ ಮೇಲಿನ ಆಂಜನೇಯನ ಫೋಟೋಗೆ ಕೈ ಮುಗಿದು, ಟೀವಿ ಇದ್ದ ಮನೆಗೆ ಓಡಿ, ಅಲ್ಲಿ ಇನ್ನೊಂದು ಸಲ ಕೈ ಮುಗಿಯುತ್ತಿದ್ದೆವು. ಮುಂದಿನ ವರ್ಷ ನಾನೂ ಲಂಗೋಟಿ ಕಟ್ಟಿದೆ.

ಈಗ ಮೊದಲ ದಿನದ ಶೂಟಿಂಗ್ ವಿಷಯ. ಊರ ಹೊರಗಿನ ಒಂದು ಗೋಡೌನ್. ಹೀರೋ ನನ್ನ ಎದೆಗೆ ಒದೆಯಬೇಕು, ನಾನು ಹಿಂದಕ್ಕೆ ಹಾರಿ ಥರ್ಮಕೋಲ್ ಪೆಟ್ಟಿಗೆಗಳ ಮೇಲೆ ಅಂಗಾತ ಬೀಳಬೇಕು. ಸುಲಭ ಅಲ್ವಾ? ಹೀರೋ ಒದ್ದ. ನಾನು ಹಾರಿದೆ. ಬಿದ್ದದ್ದು ಹೊಟ್ಟೆಯ ಮೇಲೆ.

"ಏನಯ್ಯಾ, ಹೀರೋಗೆ ಬೆನ್ನು ತೋರಿಸ್ತೀಯಾ?" ಅಂದರು ಮಾಸ್ಟರ್.

ಇನ್ನೊಂದು ಟೇಕ್. ಮತ್ತೆ ಹೊಟ್ಟೆ. ಏಳು ಟೇಕ್ ಆಯಿತು. ಪೆಟ್ಟಿಗೆ ಜೋಡಿಸುವ ಹುಡುಗರು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ನಾನು ಬೇಕಂತ ಮಾಡುತ್ತಿರಲಿಲ್ಲ. ಮಟ್ಟಿಯಲ್ಲಿ, ಅಂದರೆ ಗರಡಿಯ ಮಣ್ಣಿನ ಕಣದಲ್ಲಿ, ಎರಡೂ ಭುಜ ಮಣ್ಣಿಗೆ ತಾಗಿದರೆ ಚಿತ್, ಕುಸ್ತಿ ಮುಗಿದ ಹಾಗೆ. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಕಲಿತದ್ದು ಒಂದೇ: ಎತ್ತಿ ಹಾಕಿದರೂ ಗಾಳಿಯಲ್ಲೇ ಹೊರಳು, ಬೆನ್ನು ಮಾತ್ರ ಕೊಡಬೇಡ. ನನ್ನ ತಲೆ ಫೈಟ್ ಮಾಸ್ಟರ್ ಮಾತು ಕೇಳುತ್ತಿತ್ತು, ಸೊಂಟ ಉಸ್ತಾದರ ಮಾತು ಕೇಳುತ್ತಿತ್ತು. ಎಂಟನೇ ಟೇಕಿಗೆ ಬೇರೆಯವನನ್ನು ಹಾಕಿದರು. ನನ್ನ ಕಿವಿಯ ಕ್ಲೋಸಪ್ ಮಾತ್ರ ತೆಗೆದುಕೊಂಡರು.

ಮಾಸ್ಟರ್ ಒಳ್ಳೆಯವರು. ಸಂಜೆ ಕೂರಿಸಿಕೊಂಡು ಬೀಳೋದು ಹೇಗೆ ಅಂತ ಹೇಳಿಕೊಟ್ಟರು. ಗಲ್ಲ ಎದೆಗೆ ಅಂಟಿರಬೇಕು, ಇಲ್ಲದಿದ್ದರೆ ತಲೆಯ ಹಿಂಭಾಗ ಮೊದಲು ನೆಲಕ್ಕೆ ಬಡಿಯುತ್ತದೆ. ಬೀಳುವಾಗ ಉಸಿರು ಬಿಡಬೇಕು, ಹಿಡಿದರೆ ಎದೆ ಕಲ್ಲಾಗುತ್ತದೆ. ಬಾಲದ ಮೂಳೆ ಮೇಲೆ ಕೂತ ಹಾಗೆ ಬೀಳಬಾರದು, ಬೆನ್ನಿನ ಅಗಲವಾದ ಭಾಗ ಪೂರ್ತಿ ತಾಗಬೇಕು. ಅದೇ ಹೊತ್ತಿಗೆ ಎರಡೂ ಕೈ ಚಾಚಿ ಅಂಗೈಯಿಂದ ನೆಲಕ್ಕೆ ಚಟಾರನೆ ಹೊಡೆಯಬೇಕು. ಪೆಟ್ಟು ಹಂಚಿಹೋಗುತ್ತದೆ. "ಮೊಣಕೈ ಮಾತ್ರ ಊರಬೇಡ ಕಣೋ, ಊರಿದ್ರೆ ಕಾಲರ್ ಬೋನ್ ಹೋಯ್ತು ಅಂತ ತಿಳ್ಕೊ."

ಎಲ್ಲಿ ಅಭ್ಯಾಸ ಮಾಡೋದು? ಮೆತ್ತಗಿನ ಜಾಗ ಅಂತ ನನಗೆ ಗೊತ್ತಿದ್ದದ್ದು ಮಟ್ಟಿ ಒಂದೇ. ಬೆಳಗಿನ ಜಾವ ನಾಲ್ಕಕ್ಕೆ, ಯಾರೂ ಬರುವ ಮೊದಲು ಗರಡಿ ಬಾಗಿಲು ತೆಗೆದು, ಗುದ್ದಲಿಯಿಂದ ಮಣ್ಣು ಅಗೆದು ಸಡಿಲ ಮಾಡಿ, ಹಿಂದಕ್ಕೆ ಬೀಳುತ್ತಿದ್ದೆ. ಏಳೋದು, ಬೀಳೋದು. ಮೂರನೇ ವಾರ ಇರಬೇಕು, ಬಿದ್ದು ಕಣ್ಣು ಬಿಟ್ಟರೆ ತಲೆಯ ಹತ್ತಿರ ಉಸ್ತಾದರ ಪಾದ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅರಿಶಿನ, ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿ ಪೂಜೆ ಮಾಡಿದ ಮಣ್ಣಿನಲ್ಲಿ ಅವರ ಹುಡುಗ ತಾನೇ ತಾನಾಗಿ ಚಿತ್ ಆಗುತ್ತಿದ್ದಾನೆ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನನ್ನ ಬೆನ್ನಿನ ಗುರುತು ಇದ್ದ ಜಾಗವನ್ನು ಕಾಲಲ್ಲಿ ಸವರಿ ಸರಿ ಮಾಡಿ ಒಳಗೆ ಹೋದರು. ಆರು ತಿಂಗಳು ನನಗೆ ಜೋಡಿ ಕಟ್ಟಲಿಲ್ಲ, ಅಂದರೆ ಯಾರ ಜೊತೆಗೂ ಕುಸ್ತಿಗೆ ಬಿಡಲಿಲ್ಲ.

ಅಂತೂ ಎರಡು ತಿಂಗಳಿಗೆ ಬೀಳೋದು ಬಂತು. ಕಣ್ಣಿನದು ಇನ್ನೂ ತಡವಾಯಿತು. ಪೈಲ್ವಾನ ಎದುರಾಳಿಯ ಮುಖ ನೋಡೋದಿಲ್ಲ. ಮುಖ ಸುಳ್ಳು ಹೇಳುತ್ತದೆ, ಸೊಂಟ ಮತ್ತು ಕಾಲು ಸುಳ್ಳು ಹೇಳೋದಿಲ್ಲ. ಕ್ಯಾಮೆರಾಗೆ ಮುಖವೇ ಬೇಕು. "ಏನು, ನೆಲದಲ್ಲಿ ಕಾಸು ಹುಡುಕ್ತಿದ್ದೀಯಾ?" ಅಂತ ಮೈಕಿನಲ್ಲೇ ಕೂಗುತ್ತಿದ್ದರು. ಹಿಡಿತದ ಕಷ್ಟ ಬೇರೆ. ಒಂದು ಸಲ ಹೀರೋನ ತೋಳು ಅಭ್ಯಾಸಬಲದಿಂದ ಹಿಡಿದೆ, ಬಿಟ್ಟಾಗ ಐದು ಬೆರಳೂ ಮೂಡಿದ್ದವು. ಮೇಕಪ್‌ನವರು ಪೌಡರ್ ಹಚ್ಚಿ ಮುಚ್ಚುವಷ್ಟರಲ್ಲಿ ಊಟದ ಬ್ರೇಕ್ ಬಂತು.

ಗುದ್ದು ನಿಮಗೆ ಕಾಣುವ ಹಾಗೆ ಇರೋದಿಲ್ಲ. ಮುಷ್ಟಿ ಮುಖದಿಂದ ಒಂದು ಗೇಣು ದೂರದಲ್ಲೇ ಹೋಗುತ್ತದೆ. ಕ್ಯಾಮೆರಾ ಇಟ್ಟ ಕೋನದಲ್ಲಿ ಆ ಸಂದು ಕಾಣೋದಿಲ್ಲ. ಸದ್ದು ಆಮೇಲೆ ಸೇರಿಸುತ್ತಾರೆ. ಹಾಗಾಗಿ ಹೊಡೆತ ಇರೋದು ಹೊಡೆಸಿಕೊಳ್ಳುವವನ ಕುತ್ತಿಗೆಯಲ್ಲಿ. ನಾನು ಅರೆಕ್ಷಣ ಮೊದಲು ತಲೆ ತಿರುಗಿಸಿದರೆ ಹೀರೋ ನಗೆಪಾಟಲು, ತಡವಾಗಿ ತಿರುಗಿಸಿದರೆ ನಾನು. ತೆರೆಯ ಮೇಲೆ ಬಲಶಾಲಿ ಅನ್ನಿಸಿಕೊಂಡ ಎಷ್ಟೋ ಜನರ ಬಲ ನಮ್ಮಂಥವರ ಕತ್ತು ನೋವು. ಇದು ಹೊಟ್ಟೆಕಿಚ್ಚಿನ ಮಾತಲ್ಲ, ಸುಮ್ನೆ ಲೆಕ್ಕ ಹೇಳಿದೆ. ದಾರಾ ಸಿಂಗ್‌ಗೆ ಮೊದಲು ಹೆಸರು ಬಂತು, ಆಮೇಲೆ ಸಿನಿಮಾ. 1962ರಲ್ಲಿ ಅವರು ಹೀರೋ ಆಗಿ ನಿಂತಾಗ ಜನ ಅವರ ನಿಜವಾದ ಕುಸ್ತಿ ನೋಡಿದ್ದರು. ನಮಗೆ ಆ ಬಂಡವಾಳ ಇರಲಿಲ್ಲ. ಕಿವಿ ಇತ್ತು.

ಏಳೆಂಟು ವರ್ಷ ಕೆಲಸ ಚೆನ್ನಾಗಿಯೇ ಸಿಕ್ಕಿತು. ರೌಡಿ, ಬಾಡಿಗಾರ್ಡ್, ಜೈಲಿನ ಕೈದಿ, ಪೌರಾಣಿಕ ಧಾರಾವಾಹಿಯಲ್ಲಿ ರಾಕ್ಷಸ. ಮಾತು ಬಂದದ್ದು ನಾಲ್ಕು ಸಿನಿಮಾದಲ್ಲಿ, ಅದರಲ್ಲಿ ಮೂರು ಕಡೆ "ಅಣ್ಣಾ, ಅವನು ಬಂದ" ಅಂತ. ಆಮೇಲೆ ಜಿಮ್ ಹುಡುಗರು ಬಂದರು. ಪೈಲ್ವಾನನ ಮೈ ಅಂದರೆ ದಪ್ಪ ಸೊಂಟ, ಕಂಬದಂಥ ತೊಡೆ. ಅದು ಬಟ್ಟೆ ಬಿಚ್ಚಿದರೆ ಫೋಟೋಗೆ ಬರೋದಿಲ್ಲ. ತಾಲೀಮು ಕಮ್ಮಿಯಾಗಿ ಖುರಾಕು ಹಾಗೇ ಉಳಿದರೆ ಆರೇ ತಿಂಗಳಲ್ಲಿ ಹೊಟ್ಟೆ ಬರುತ್ತದೆ. ನನಗೂ ಬಂತು. ರೌಡಿಯಿಂದ ರೌಡಿಯ ಮಾವ ಆದೆ.

2006ರಲ್ಲಿ ಒಂದು ಔಟ್‌ಡೋರ್. ಮಹಡಿ ಮೆಟ್ಟಿಲಿನಿಂದ ಕೆಳಗೆ ಬೀಳಬೇಕು. ಬೆಡ್ ಒಂದಡಿ ಆಚೆ ಹಾಕಿದ್ದರು. ಹಾರುವ ಮೊದಲು ಕಾಲಲ್ಲಿ ಒತ್ತಿ ನೋಡಬೇಕಾದವನು ನಾನೇ, ಆವತ್ತು ನೋಡಲಿಲ್ಲ. ಗಾಳಿಯಲ್ಲಿ ಗೊತ್ತಾಯಿತು, ಗಾಬರಿಗೆ ಮೊಣಕೈ ಊರಿದೆ. ಎಡಗಡೆ ಕಾಲರ್ ಬೋನ್ ಟಕ್ ಅಂದದ್ದು ನನಗೇ ಕೇಳಿಸಿತು. ಆಸ್ಪತ್ರೆಗೆ ಸೇರಿಸಿದವರು ಮೊದಲ ದಿನದ ದುಡ್ಡು ಕಟ್ಟಿ ಹೋದರು, ಮತ್ತೆ ಫೋನ್ ಎತ್ತಲಿಲ್ಲ. ಸಿನಿಮಾ ಹೆಸರು ಬೇಡ ಬಿಡಿ. ಅದು ಓಡಲೂ ಇಲ್ಲ.

ಮೂಳೆ ಕೂಡಿದ ಮೇಲೂ ಎರಡು ತಿಂಗಳು ಮನೆಯಲ್ಲೇ ಇದ್ದೆ. ಹಿಂದಕ್ಕೆ ಕೂರೋದಕ್ಕೂ ಭಯ. ಸೋಫಾ ಮೇಲೆ ಕೂರುವಾಗಲೂ ಕೈ ಊರುತ್ತಿದ್ದೆ. ಒಂದು ಬೆಳಿಗ್ಗೆ ಹೆಂಡತಿ ಬಂದು, "ಉಸ್ತಾದರು ಬಂದಿದ್ದಾರೆ" ಅಂದಳು. ಭುಜ ಒತ್ತಿ ನೋಡಿದರು. ಟೀ ಕುಡಿದರು.

"ಹೆಂಗೆ ಬಿದ್ದೆ?"

ತೋರಿಸಿದೆ.

"ಮೊಣಕೈ ಯಾಕೆ ಊರಿದೆ?"

"ಗಾಬರಿ ಆಯ್ತು ಉಸ್ತಾದ್ರೆ."

"ನಡಿ."

ಗರಡಿಯಲ್ಲಿ ಹುಡುಗರನ್ನೆಲ್ಲ ಆಚೆ ನಿಲ್ಲಿಸಿದರು. ಮಟ್ಟಿಯ ಒಂದು ಮೂಲೆಯನ್ನು ತಾವೇ ಗುದ್ದಲಿ ಹಿಡಿದು ಅಗೆದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು, ಕೇಳಿದರೂ ಗುದ್ದಲಿ ಕೊಡಲಿಲ್ಲ. ಮಣ್ಣು ಮೆತ್ತಗಾದ ಮೇಲೆ ನನ್ನನ್ನು ಅದಕ್ಕೆ ಬೆನ್ನು ಮಾಡಿ ನಿಲ್ಲಿಸಿ, ಎದೆಗೆ ಅಂಗೈ ಇಟ್ಟು ತಳ್ಳಿದರು. ಬಿದ್ದೆ. ಅಂಗೈ ಎರಡೂ ಒಟ್ಟಿಗೆ ಬಡಿದವು.

"ಗಲ್ಲ ಮೇಲಿತ್ತು" ಅಂದರು. "ಇನ್ನೊಂದು."