ಸಿಮೆಂಟ್ ಕಿತ್ತ ಮೇಲೆ ಆರಿದ ಗೋಡೆ

ಉತ್ತರ ವೇಲ್ಸ್‌ನ ಲ್ಯಾನ್‌ಬೆರಿಸ್ ಹತ್ತಿರ ನಾವು ಕೊಂಡ ಮನೆ, ಹಿಂದೆ ಡಿನೋರ್ವಿಗ್ ಸ್ಲೇಟ್ (ಮಾಡಿಗೆ ಹೊದೆಸುವ ತೆಳು ಹಲಗೆಕಲ್ಲು) ಕ್ವಾರಿಯ ಕೆಲಸಗಾರರೊಬ್ಬರದ್ದು. ಕ್ವಾರಿ 1969ರಲ್ಲಿ ಮುಚ್ಚಿತು. ಮನೆ ಉಳಿದಿದೆ.

ನಡುವೆ ಬಾಗಿಲು, ಆಚೆ ಈಚೆ ಪುಟ್ಟ ಕಿಟಕಿ. ಒಂದು ತುದಿಗೆ ದೊಡ್ಡ ಬೆಂಕಿಗೂಡು. ಇನ್ನೊಂದು ತುದಿಗೆ ಹಲಗೆ ಅಡ್ಡ ಕಟ್ಟಿ ಮಾಡಿದ ಮಲಗುವ ಕೋಣೆ, ಅದರ ಮೇಲಷ್ಟೇ ಒಂದು ಅಟ್ಟ. ವೆಲ್ಷ್‌ನಲ್ಲಿ ಇದನ್ನು ಕ್ರೋಗ್‌ಲೋಫ್ಟ್ ಅಂತಾರೆ, ತೂಗುವ ಅಟ್ಟ ಅಂತ ಅರ್ಥ. ಮಕ್ಕಳು ಏಣಿ ಹತ್ತಿ ಅಲ್ಲಿ ಮಲಗುತ್ತಿದ್ದರು. ಬೆಂಕಿಯ ಬಿಸಿ ಮೇಲೇರಿ ಅಲ್ಲಿಗೇ ಸೇರುತ್ತದೆ. ಎಷ್ಟು ಬುದ್ಧಿವಂತಿಕೆ, ಅಲ್ವಾ!

ನಾವು ಬಂದಾಗ ಒಳಗೆಲ್ಲ ಬೂಷ್ಟಿನ ವಾಸನೆ. ತೇವ ತಡೆಯಲು ಗೋಡೆಗೆ ತೂತು ಕೊರೆದು ಕೆಮಿಕಲ್ ತುಂಬಿಸಿ ಅಂದರು ಒಬ್ಬ ಕಾಂಟ್ರಾಕ್ಟರ್. ನನಗೆ ಒಪ್ಪಿಗೆಯಾಗಲಿಲ್ಲ. ಒಂದು ಮೂಲೆಯಲ್ಲಿ ಉಳಿ, ಸುತ್ತಿಗೆ ಹಿಡಿದು ಸಿಮೆಂಟ್ ಪ್ಲಾಸ್ಟರನ್ನು ಅಂಗೈಯಗಲ ಎಬ್ಬಿಸಿದೆ. ಹಿಂದಿನ ಹಳೇ ಗಾರೆ ಹಿಸುಕಿದರೆ ನೀರು ಬರುವಷ್ಟು ಒದ್ದೆ.

ಗೋಡೆ ಎರಡಡಿ ದಪ್ಪ. ಒಳಗೊಂದು, ಹೊರಗೊಂದು ಕಲ್ಲಿನ ಸಾಲು, ನಡುವೆ ಚೂರುಕಲ್ಲು, ಮಣ್ಣು. ಇಲ್ಲಿ ಮಳೆ ಜಾಸ್ತಿ. ಸ್ವಲ್ಪ ನೀರು ಒಳಗಿಳಿದೇ ಇಳಿಯುತ್ತದೆ. ಗಾಳಿ ಬೀಸಿದಾಗ ಸುಣ್ಣದ ಗಾರೆಯ ಮೂಲಕ ಆರಿ ಹೋಗುತ್ತದೆ. ಸಿಮೆಂಟ್ ಮೆತ್ತಿದರೆ ಆ ದಾರಿ ಮುಚ್ಚುತ್ತದೆ. ನಮ್ಮ ಅಜ್ಜಿಮನೆಯ ಸುಣ್ಣದ ಗೋಡೆಗಳೂ ಹೀಗೇ ಆರುತ್ತಿದ್ದವು.

ಸಿಮೆಂಟನ್ನೆಲ್ಲ ಕೈಯಲ್ಲೇ ಕಿತ್ತೆವು. ಮಷಿನ್ ಇಟ್ಟರೆ ಕಲ್ಲು ಅಲುಗುತ್ತದೆ. ಹೊರಗೆ ವರ್ಷಾನುಗಟ್ಟಲೆ ಏರಿದ್ದ ಮಣ್ಣನ್ನು ಒಂದಡಿ ತೆಗೆದು ನೀರು ಹರಿಯಲು ಜಲ್ಲಿ ತುಂಬಿದೆವು. ಆಮೇಲೆ ಸುಣ್ಣ, ಮರಳಿನ ಗಾರೆ. ಇದರಲ್ಲಿ ನಾನೊಂದು ತಪ್ಪು ಮಾಡಿದೆ. ಅಕ್ಟೋಬರ್ ಕೊನೆಗೆ ಉತ್ತರದ ಗೋಡೆಗೆ ಗಾರೆ ಹಾಕಿದೆ. ಹಿಮ ಬಿದ್ದು ಅದೆಲ್ಲ ಪುಡಿಪುಡಿಯಾಗಿ ಉದುರಿತು. ಐದು ಡಿಗ್ರಿಗಿಂತ ಕೆಳಗೆ ಸುಣ್ಣ ಸರಿಯಾಗಿ ಕಚ್ಚುವುದಿಲ್ಲ. ಮೇ ತಿಂಗಳಲ್ಲಿ ಮತ್ತೆ ಹಾಕಿ, ಒದ್ದೆ ಗೋಣಿ ಹೊದೆಸಿ ನಿಧಾನ ಒಣಗಿಸಿದೆ. ಮೇಲೆ ತೆಳುವಾಗಿ ಐದು ಸಲ ಸುಣ್ಣ ಬಳಿದೆವು.

ಮಾಡಿನ ಸ್ಲೇಟು ಮಾತ್ರ ಗಟ್ಟಿಯಾಗೇ ಇತ್ತು, ಒಡೆದವನ್ನಷ್ಟೇ ಬದಲಿಸಿದೆವು. ಇಲ್ಲಿ ಸ್ಲೇಟಿನ ಅಳತೆಗೂ ಹೆಸರಿದೆ: 24 ಇಂಚು ಉದ್ದ, 12 ಇಂಚು ಅಗಲದ್ದು ಡಚೆಸ್, 20-10ರದ್ದು ಕೌಂಟೆಸ್.

ಕೆಲಸ ಶುರು ಮಾಡುವ ಮುಂಚೆ ಲ್ಯಾನ್‌ಬೆರಿಸ್‌ನ ಸ್ಲೇಟ್ ಮ್ಯೂಸಿಯಂಗೆ ಎರಡು ಸಲ ಹೋಗಿದ್ದೆ. ಬೇರೆ ಊರಿಂದ ಕಲ್ಲು ಕಲ್ಲು ಬಿಚ್ಚಿ ತಂದು ಕಟ್ಟಿದ ಕೆಲಸಗಾರರ ಮನೆಗಳ ಸಾಲು ಅಲ್ಲಿದೆ, ಹೆಸರು ಫ್ರೋನ್ ಹೌಲ್. ಮೂರು ಮನೆಗಳಲ್ಲಿ 1861, 1901, 1969ರ ಬದುಕು ತೋರಿಸಿದ್ದಾರೆ. 1901ರದ್ದು ಪೆನ್‌ರಿನ್ ಕ್ವಾರಿ ಮುಷ್ಕರದ ಕಾಲ. ಮೂರು ವರ್ಷ ನಡೆದ ಆ ಮುಷ್ಕರದಲ್ಲಿ ಜನ ಕಿಟಕಿಗೆ ಒಂದು ಕಾರ್ಡ್ ಇಡುತ್ತಿದ್ದರು: ‘ಈ ಮನೆಯಲ್ಲಿ ದ್ರೋಹಿ ಇಲ್ಲ’. ಅದನ್ನು ಓದಿದ ಮೇಲೆ ನಮ್ಮ ಮನೆಯ ಆ ಪುಟ್ಟ ಕಿಟಕಿಗಳನ್ನು ದೊಡ್ಡದು ಮಾಡಿಸುವ ಯೋಚನೆ ಬಿಟ್ಟೆ.

ಈ ಫೆಬ್ರವರಿಯಲ್ಲಿ ಬೆಂಕಿಗೂಡಿನ ಪಕ್ಕದ ಗೋಡೆಗೆ ಅಂಗೈ ಇಟ್ಟು ನೋಡಿದೆ. ಒಣಗಿದೆ. ಉತ್ತರದ ಗೋಡೆ ಇನ್ನೂ ತೇವ. ಅದಕ್ಕೆ ಇನ್ನೊಂದು ಬೇಸಿಗೆ ಬೇಕು.