ಮನೆಮಂದಿಯೆಲ್ಲ ಪಿಜ್ಜಾ ಅಂಗಡಿಗೆ ಹೊರಟಾಗ: ಏನು ಕೇಳಬೇಕು, ಯಾವ ಕ್ರಮದಲ್ಲಿ ತರಿಸಬೇಕು

ಒಲೆಯಿಂದ ಹೊರಬಂದ ಪಿಜ್ಜಾದ ಆಯುಷ್ಯ ಹೆಚ್ಚೆಂದರೆ ಹತ್ತು ನಿಮಿಷ. ಅಷ್ಟು ಹೊತ್ತು ಚೀಸ್ ಎಳೆ ಬಿಡುತ್ತದೆ, ಅಂಚು ಗರಿಗರಿಯಾಗಿರುತ್ತದೆ, ತಳ ಒಣಗಿರುತ್ತದೆ. ಆಮೇಲೆ ಚೀಸ್ ಬಿಗಿಯುತ್ತದೆ, ಟೊಮೆಟೊ ಸಾಸಿನ ನೀರು ಕೆಳಗಿಳಿದು ತಳವೆಲ್ಲ ಮೆತ್ತಗಾಗುತ್ತದೆ. ಬಳ್ಳಾರಿಯ ಗಾಂಧಿನಗರ, ಪಾರ್ವತಿ ನಗರದಂಥ ಬಡಾವಣೆಯ ಸಣ್ಣ ಪಿಜ್ಜಾ ಅಂಗಡಿಯಲ್ಲಿ ಭಾನುವಾರ ಸಂಜೆ ಆರು ಮಂದಿ ಕೂತರೆ ಮೂರು ಪಿಜ್ಜಾ, ಎರಡು ಪಾಸ್ತಾ, ಗಾರ್ಲಿಕ್ ಬ್ರೆಡ್ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಡುವುದು ರೂಢಿ. ಎಲ್ಲ ಒಟ್ಟಿಗೆ ಮೇಜಿಗೆ ಬರುತ್ತದೆ. ಕೊನೆಯ ಪಿಜ್ಜಾಕ್ಕೆ ಕೈ ಹಾಕುವ ಹೊತ್ತಿಗೆ ಅದು ಆರಿ ತಣ್ಣಗಾಗಿರುತ್ತದೆ. ಪೂರ್ತಿ ದುಡ್ಡು ಕೊಟ್ಟು ಅರ್ಧ ರುಚಿ ತಿಂದ ಹಾಗಾಯಿತು. ಯಾವಾಗ ಹೋಗಬೇಕು, ಎಷ್ಟು ಕೇಳಬೇಕು, ಯಾವುದರ ಹಿಂದೆ ಯಾವುದು ಬರಬೇಕು ಎಂಬುದನ್ನೆಲ್ಲ ಆ ಹತ್ತು ನಿಮಿಷಕ್ಕೆ ಹೊಂದಿಸಿಕೊಳ್ಳಬೇಕು.

ಹೋಗುವ ಹೊತ್ತು

ಏಳು ಗಂಟೆಗೆ ಹೋಗಿ. ಎಂಟೂವರೆಗೆ ಹೋಗಬೇಡಿ.

ಕಾರಣ ಒಲೆಯಲ್ಲಿದೆ. ಇಟಲಿಯ ನೇಪಲ್ಸ್‌ನಲ್ಲಿ ಪಿಜ್ಜಾ ಬೇಯುವುದು ಕಟ್ಟಿಗೆಯ ಗೂಡೊಲೆಯಲ್ಲಿ, ಸುಮಾರು 430ರಿಂದ 480 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಒಂದರಿಂದ ಒಂದೂವರೆ ನಿಮಿಷ ಮಾತ್ರ. ಅಲ್ಲಿನ ಪಿಜ್ಜಾ ಬಾಣಸಿಗರ ಈ ಕೈಚಳಕವನ್ನು ಯುನೆಸ್ಕೊ 2017ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಬಡಾವಣೆಯ ಅಂಗಡಿಗಳಲ್ಲಿರುವುದು ಸಾಮಾನ್ಯವಾಗಿ ಕರೆಂಟ್ ಅಥವಾ ಗ್ಯಾಸಿನ ಪೆಟ್ಟಿಗೆ ಓವನ್. ಅದರ ಶಾಖ 280–300 ಡಿಗ್ರಿ, 10 ಇಂಚಿನ ಪಿಜ್ಜಾಕ್ಕೆ ಆರರಿಂದ ಎಂಟು ನಿಮಿಷ ಬೇಕು. ಒಳಗೆ ಪಿಜ್ಜಾ ಇಡುವ ಕಲ್ಲು ಪೂರ್ತಿ ಕಾಯಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಹಾಗಾಗಿ ಅಂಗಡಿ ಬಾಗಿಲು ತೆಗೆದ ಕೂಡಲೇ ನುಗ್ಗಿದರೂ ಪ್ರಯೋಜನವಿಲ್ಲ. ರಾತ್ರಿ ಎಂಟೂವರೆಗೆ ಹತ್ತು ಆರ್ಡರ್ ಒಟ್ಟಿಗೆ ಬಿದ್ದಾಗ ಓವನ್ ಬಾಗಿಲು ಮೇಲಿಂದ ಮೇಲೆ ತೆರೆಯುತ್ತದೆ, ಹಸಿ ಹಿಟ್ಟು ಕಲ್ಲಿನ ಕಾವನ್ನೆಲ್ಲ ಎಳೆದುಕೊಳ್ಳುತ್ತದೆ. ಮೇಲೆ ಚೀಸ್ ಕರಗಿ ಬೆಂದಂತೆ ಕಾಣುತ್ತದೆ, ತಳ ಮಾತ್ರ ಬೆಳ್ಳಗೆ ಹಸಿಹಸಿಯಾಗಿ ಉಳಿಯುತ್ತದೆ. ಏಳರಿಂದ ಎಂಟರೊಳಗೆ ಕಲ್ಲು ಕಾದಿರುತ್ತದೆ, ಗಿರಾಕಿ ಕಡಿಮೆ ಇರುತ್ತಾರೆ.

ಗಾತ್ರದ ಲೆಕ್ಕ

ಮೆನುವಿನಲ್ಲಿ ರೇಟಿನ ಪಕ್ಕ ಇಂಚು ಬರೆದಿರುತ್ತದೆ. ಅದನ್ನೇ ಮೊದಲು ನೋಡಬೇಕು. ಬರೆದಿಲ್ಲದಿದ್ದರೆ ಕೇಳಿ. ಒಂದು ಅಂಗಡಿಯ ‘ಮೀಡಿಯಂ’ 9 ಇಂಚಿದ್ದರೆ ಇನ್ನೊಂದರದು 10 ಇರುತ್ತದೆ.

7 ಇಂಚಿನ ಎರಡು ಪಿಜ್ಜಾ ಸೇರಿದರೆ 77 ಚದರ ಇಂಚು. 10 ಇಂಚಿನ ಒಂದೇ ಪಿಜ್ಜಾ 78 ಚದರ ಇಂಚಿಗಿಂತ ಸ್ವಲ್ಪ ಹೆಚ್ಚು. ಎರಡೂ ಸರಿಸಮ ಎನಿಸುತ್ತದೆ, ಆದರೆ ಅಂಚನ್ನು ಮರೆಯಬಾರದು. ಸುತ್ತಲೂ ಒಂದು ಇಂಚು ಬರೀ ಬ್ರೆಡ್ ಬಿಟ್ಟರೆ 7 ಇಂಚಿನದರಲ್ಲಿ ಚೀಸ್ ಇರುವ ಜಾಗ 20 ಚದರ ಇಂಚು ಕೂಡ ಇಲ್ಲ, ಅಂದರೆ ಹತ್ತಿರ ಹತ್ತಿರ ಅರ್ಧ ಪಿಜ್ಜಾ ಒಣ ಅಂಚು. ಎರಡು ಸೇರಿದರೂ ಚೀಸಿನ ಜಾಗ 39. 10 ಇಂಚಿನ ಒಂದರಲ್ಲೇ 50. ‘ಒಂದು ಕೊಂಡರೆ ಒಂದು ಉಚಿತ’ ಎಂದು ಸಣ್ಣ ಪಿಜ್ಜಾಕ್ಕೆ ಬೋರ್ಡ್ ಹಾಕಿದ ದಿನ ಈ ಲೆಕ್ಕ ನೆನಪಿರಲಿ. 8 ಇಂಚಿನ ಎರಡಕ್ಕಿಂತ (100 ಚದರ ಇಂಚು) 12 ಇಂಚಿನ ಒಂದೇ ದೊಡ್ಡದು (113).

ಸಾಧಾರಣ ಹಸಿವಿನ ಇಬ್ಬರು ದೊಡ್ಡವರಿಗೆ 10 ಇಂಚಿನ ಒಂದು ಸಾಕು, ತಲಾ ಮೂರು ತುಂಡು ಬರುತ್ತದೆ. ಗಂಡ ಹೆಂಡತಿ, ಎರಡು ಮಕ್ಕಳಿದ್ದರೆ ಒಂದು ಪಾಸ್ತಾ ಮತ್ತು 10 ಇಂಚಿನ ಒಂದು ಪಿಜ್ಜಾ ಮೊದಲು ಹೇಳಿ. ಎರಡನೆಯ ಪಿಜ್ಜಾ ಬೇಕೋ ಬೇಡವೋ ಎಂಬುದನ್ನು ಮೊದಲನೆಯದು ಮೇಜಿಗೆ ಬಂದ ಮೇಲೆ ತೀರ್ಮಾನಿಸಿ.

ಯಾವ ಪಿಜ್ಜಾ?

ಹೊಸ ಅಂಗಡಿಯಾದರೆ ಮೊದಲ ಸಲ ಮಾರ್ಗರಿಟಾ ತರಿಸಿ. ಹಿಟ್ಟು, ಟೊಮೆಟೊ, ಚೀಸ್, ನಾಲ್ಕು ಬೇಸಿಲ್ ಎಲೆ ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಕೆಟ್ಟ ಸಾಸನ್ನು ಪನೀರ್ ಟಿಕ್ಕಾದ ಮಸಾಲೆ ಮುಚ್ಚಿಹಾಕಬಲ್ಲದು. ಮಾರ್ಗರಿಟಾದಲ್ಲಿ ಆ ಆಟ ನಡೆಯುವುದಿಲ್ಲ. ಬೇಸಿಲ್ ಎಂದರೆ ಕಾಮಕಸ್ತೂರಿಯ ಜಾತಿಯದು, ದೇವರ ಮನೆಯ ತುಳಸಿಯ ಘಾಟು ಅದಕ್ಕಿರುವುದಿಲ್ಲ.

ಟಾಪಿಂಗ್ ಮೂರಕ್ಕಿಂತ ಹೆಚ್ಚು ಬೇಡ. ದುಡ್ಡು ಕೊಟ್ಟು ತಿನ್ನುವಾಗ ‘ಲೋಡೆಡ್’ ಎಂಬ ಹೆಸರು ಆಸೆ ಹುಟ್ಟಿಸುವುದು ಸಹಜ. ಆದರೆ 10 ಇಂಚಿನ ಪಿಜ್ಜಾಕ್ಕೆ ಹಿಡಿಯುವುದು 220ರಿಂದ 250 ಗ್ರಾಂ ಹಿಟ್ಟಿನ ಉಂಡೆ, 70–80 ಗ್ರಾಂ ಸಾಸ್, 90–100 ಗ್ರಾಂ ಚೀಸ್. ಅದರ ಮೇಲೆ ಇನ್ನೊಂದು 80–100 ಗ್ರಾಂ ತರಕಾರಿ ಕೂತರೆ ತೂಕ ಸರಿ. ಅಣಬೆಯಲ್ಲಿ ನೂರಕ್ಕೆ 90 ಪಾಲು ನೀರೇ ಇದೆ. ಹಸಿ ಟೊಮೆಟೊ, ದೊಣ್ಣೆ ಮೆಣಸಿನಕಾಯಿ, ಈರುಳ್ಳಿ ಕೂಡ ಕಾವು ತಾಗಿದೊಡನೆ ನೀರು ಬಿಡುತ್ತವೆ. ಆರು ಬಗೆ ಒಟ್ಟಿಗೆ ಹೇರಿದರೆ ಎಂಟು ನಿಮಿಷದಲ್ಲಿ ಆ ನೀರು ಆರುವುದಿಲ್ಲ, ನಡುಭಾಗದಲ್ಲಿ ನಿಂತು ಹಿಟ್ಟನ್ನು ಬೇಯಲು ಬಿಡುವುದಿಲ್ಲ. ತುಂಡು ಎತ್ತಿದ ಕೂಡಲೇ ಮೂತಿ ಜೋತುಬಿದ್ದು ಟಾಪಿಂಗ್ ಎಲ್ಲ ತಟ್ಟೆಗೆ ಜಾರುವುದು ಇದೇ ಕಾರಣಕ್ಕೆ. ನೀರು ಬಿಡುವುದು ಒಂದು, ಒಣಗಿದ್ದು ಎರಡು ಎಂದು ಜೋಡಿಸಿ: ಅಣಬೆ, ಜೋಳ, ಆಲಿವ್, ಅಥವಾ ಈರುಳ್ಳಿ, ಪನೀರ್, ಹಾಲಪೀನ್ಯೊ ಮೆಣಸಿನಕಾಯಿ. ಎಕ್ಸ್‌ಟ್ರಾ ಚೀಸ್ ಕೂಡ ತಳಕ್ಕೆ ಭಾರವೇ. ‘ಚೀಸ್ ಬರ್ಸ್ಟ್’ ಎಂಬುದರಲ್ಲಿ ಹಿಟ್ಟಿನ ಎರಡು ಪದರದ ನಡುವೆ ತೆಳ್ಳಗಿನ ಚೀಸ್ ತುಂಬಿರುತ್ತದೆ. ಬಿಸಿ ಇದ್ದಾಗ ಮಕ್ಕಳು ಇಷ್ಟಪಟ್ಟು ತಿನ್ನುತ್ತಾರೆ, ಆರಿದ ಮೇಲೆ ಬಹಳ ಜಿಡ್ಡು. ಅದನ್ನು ಕೇಳುವುದಾದರೆ ಸಣ್ಣದನ್ನೇ ಕೇಳಿ.

ಚೀಸ್ ಯಾವುದು ಎಂದು ವಿಚಾರಿಸಲು ಸಂಕೋಚ ಬೇಡ. “ಅಣ್ಣಾ, ಮೊಝರೆಲ್ಲಾ ಯಾವ ಕಂಪನೀದು ಹಾಕ್ತೀರಿ?” ಎಂದರೆ ಒಳ್ಳೆಯ ಅಂಗಡಿಯವರು ಪ್ಯಾಕೆಟ್ ತಂದು ತೋರಿಸುತ್ತಾರೆ. ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಸೇರಿಸಿ ಮಾಡಿದ ‘ಅನಲಾಗ್’ ಪದಾರ್ಥವನ್ನು ಚೀಸ್ ಎಂದು ಹೇಳಿ ಮಾರಲು ಆಹಾರ ಸುರಕ್ಷತಾ ನಿಯಮದಲ್ಲಿ ಅವಕಾಶವಿಲ್ಲ, ಪ್ಯಾಕೆಟ್ ಮೇಲೆ ಅದು ನಮೂದಾಗಿರಬೇಕು.

ಬೇಸಿಗೆಯಲ್ಲಿ ಹಿಟ್ಟು ಕೆಡುವುದು

ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಇದು ವಿಶೇಷವಾಗಿ ಗೊತ್ತಿರಬೇಕಾದ ವಿಷಯ. ಪಿಜ್ಜಾ ಹಿಟ್ಟು ಉಬ್ಬುವುದು ಈಸ್ಟ್‌ನಿಂದ. ಅದಕ್ಕೆ ಹಿತವಾದ ಶಾಖ 24–27 ಡಿಗ್ರಿ. ನಮ್ಮಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಹೊರಗಿನ ಬಿಸಿಲೇ 40 ದಾಟುತ್ತದೆ, ಓವನ್ ಉರಿಯುವ ಅಡುಗೆಮನೆಯ ಮಾತು ಹೇಳಬೇಕಿಲ್ಲ. ಬೆಳಗ್ಗೆ ಕಲಸಿದ ಹಿಟ್ಟನ್ನು ಫ್ರಿಜ್ಜಿನಲ್ಲಿಡದೆ ಸಂಜೆಯವರೆಗೆ ಹೊರಗೇ ಬಿಟ್ಟರೆ ಅದು ಮಿತಿಮೀರಿ ಹುದುಗಿ ಹುಳಿಯಾಗುತ್ತದೆ. ಹಿಟ್ಟಿನಲ್ಲಿದ್ದ ಸಕ್ಕರೆಯ ಅಂಶವನ್ನು ಈಸ್ಟ್ ಆಗಲೇ ತಿಂದು ಮುಗಿಸಿರುತ್ತದೆ. ಪಿಜ್ಜಾದ ಅಂಚು ಕೆಂಪಗಾಗಲು ಬೇಕಾದದ್ದೇ ಆ ಸಕ್ಕರೆ. ಅದಿಲ್ಲದ ಹಿಟ್ಟನ್ನು ಎಷ್ಟು ಕಾದ ಓವನ್ನಿಗೆ ಹಾಕಿದರೂ ಅಂಚು ಬಿಳಿಚಿಕೊಂಡೇ ಇರುತ್ತದೆ, ತಿಂದರೆ ರಬ್ಬರಿನ ಹಾಗೆ ಎಳೆಯುತ್ತದೆ, ಮೂಗಿಗೆ ಹುಳಿ ವಾಸನೆ ಹೊಡೆಯುತ್ತದೆ. ಆ ಪಿಜ್ಜಾವನ್ನು ಮತ್ತೆ ಓವನ್ನಿಗೆ ಕಳಿಸಿ ಫಲವಿಲ್ಲ, ಬದಲಿಸಿ ಕೊಡಲು ಕೇಳಬೇಕು.

ಹುಳಿ ವಾಸನೆಯಿಲ್ಲ, ಅಂಚೂ ಚೆನ್ನಾಗಿದೆ, ತಳ ಮಾತ್ರ ಬೆಳ್ಳಗಿದೆ ಎಂದರೆ ಅದು ಕಲ್ಲು ತಣ್ಣಗಿದ್ದುದರ ಪರಿಣಾಮ. ಇದಕ್ಕೆ ಮದ್ದಿದೆ. ಪಿಜ್ಜಾ ಬಂದ ಕೂಡಲೇ ಒಂದು ತುಂಡನ್ನು ಫೋರ್ಕಿನಿಂದ ಎತ್ತಿ ತಳ ನೋಡಿ. ಅಲ್ಲಲ್ಲಿ ಕಂದು ಚುಕ್ಕೆ ಇರಬೇಕು, ಬೆರಳಿನಿಂದ ತಟ್ಟಿದರೆ ಗಟ್ಟಿ ಸದ್ದು ಬರಬೇಕು. ಇಲ್ಲದಿದ್ದರೆ “ತಳ ಬೆಂದಿಲ್ಲರಿ, ಇನ್ನೆರಡು ನಿಮಿಷ ಒಳಗಿಟ್ಟು ಕೊಡ್ರಿ” ಎಂದರೆ ಸಾಕು. ತಿನ್ನುವ ಮೊದಲೇ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅರ್ಧ ಖಾಲಿಯಾದ ಮೇಲೆ ಹೇಳಿದರೆ ಎರಡೂ ಕಡೆಯವರಿಗೆ ಮುಜುಗರ.

ಒಂದರ ಹಿಂದೆ ಒಂದು

ಆರ್ಡರ್ ಹೇಳುವಾಗಲೇ ಕ್ರಮ ಹೇಳಿಬಿಡಿ: “ಮೊದಲು ಪಾಸ್ತಾ ಕೊಡ್ರಿ. ಅದು ಮುಗಿಯುತ್ತಾ ಬಂದಾಗ ಒಂದು ಪಿಜ್ಜಾ. ಎರಡನೇದು ನಾವು ಹೇಳಿದ ಮೇಲೆ ಓವನ್ನಿಗೆ ಹಾಕ್ರಿ.” ಬಾಣಲೆಯಿಂದ ತೆಗೆದ ಮಿರ್ಚಿ ಬಜ್ಜಿಯನ್ನು ಹತ್ತು ನಿಮಿಷ ಆರಲು ಬಿಟ್ಟು ಮಂಡಕ್ಕಿ ಒಗ್ಗರಣೆ ಜೊತೆ ತಿನ್ನುವವರು ಬಳ್ಳಾರಿಯಲ್ಲಿ ಸಿಗಲಾರರು. ಪಿಜ್ಜಾಕ್ಕೂ ಅದೇ ನ್ಯಾಯ.

ಪಾಸ್ತಾ ಮೊದಲು ಯಾಕೆಂದರೆ ವೈಟ್ ಸಾಸ್ ಎಂಬುದು ಬೆಣ್ಣೆ, ಮೈದಾ, ಹಾಲಿನ ಮಿಶ್ರಣ. ಆರುತ್ತಿದ್ದಂತೆ ಗಟ್ಟಿಯಾಗಿ ಮುದ್ದೆಗಟ್ಟುತ್ತದೆ. “ಸಾಸ್ ಸ್ವಲ್ಪ ತೆಳ್ಳಗಿರಲಿ” ಎಂದು ಹೇಳುವುದು ಒಳ್ಳೆಯದು. ಪೆನ್ನೆ ಪಾಸ್ತಾ ಹತ್ತು ಹನ್ನೆರಡು ನಿಮಿಷ ಕುದಿದರೆ ಹದ, ಕಚ್ಚಿದಾಗ ನಡುವೆ ಸ್ವಲ್ಪ ಬಿಗಿ ಇರಬೇಕು. ಆ ಬಿಗಿಯನ್ನು ಬೆಂದಿಲ್ಲವೆಂದು ತಿಳಿದು ವಾಪಸ್ ಕಳಿಸಬೇಡಿ.

ಗಾರ್ಲಿಕ್ ಬ್ರೆಡ್ ನಾಲ್ಕು ಮಂದಿಗೆ ಒಂದು ಪ್ಲೇಟ್ ಸಾಕು. ಪಿಜ್ಜಾಕ್ಕಿಂತ ಮೊದಲೇ ಮೈದಾದಿಂದ ಹೊಟ್ಟೆ ತುಂಬಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಮೇಜಿನ ಮೇಲೆ

ಚೀಸ್ ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಂದ ತಕ್ಷಣ ಕಚ್ಚಿದರೆ ಅಂಗುಳ ಸುಟ್ಟು ಎರಡು ದಿನ ಏನೂ ರುಚಿಸುವುದಿಲ್ಲ. ಎರಡು ನಿಮಿಷ ತಾಳಿ, ಚಿಕ್ಕ ಮಕ್ಕಳಿಗಾದರೆ ನಾಲ್ಕು. ಒರೆಗಾನೊ ಉದುರಿಸುವುದು ಮಾತ್ರ ಬಿಸಿ ಇದ್ದಾಗಲೇ. ಆ ಕಾವಿಗೆ ಒಣ ಎಲೆಯ ಘಮ ಏಳುತ್ತದೆ. ಚಿಲ್ಲಿ ಫ್ಲೇಕ್ಸನ್ನು ಇಡೀ ಪಿಜ್ಜಾದ ಮೇಲೆ ಸುರಿಯಬೇಡಿ. ನಮ್ಮ ಕಡೆಯ ನಾಲಿಗೆಗೆ ಖಾರ ಬೇಕು, ನಿಜ. ಆದರೆ ಹಂಚಿಕೊಂಡು ತಿನ್ನುವ ಪಿಜ್ಜಾದಲ್ಲಿ ಮಕ್ಕಳ, ಹಿರಿಯರ ಪಾಲೂ ಇರುತ್ತದೆ. ಅವರವರ ತುಂಡಿಗೆ ಅವರವರೇ ಹಾಕಿಕೊಳ್ಳಲಿ. ಮೊದಲ ತುತ್ತು ಏನೂ ಹಾಕದೆ ತಿಂದು ನೋಡಿದರೆ ಸಾಸಿಗೆ ಎಷ್ಟು ಸಕ್ಕರೆ ಸುರಿದಿದ್ದಾರೆ ಎಂಬುದೂ ತಿಳಿಯುತ್ತದೆ.

ತುಂಡನ್ನು ಉದ್ದಕ್ಕೆ ನಡುವೆ ಮಡಚಿ ಹಿಡಿದರೆ ಮೂತಿ ಜೋಲುವುದಿಲ್ಲ. ನೇಪಲ್ಸಿನ ಬೀದಿಯಲ್ಲಿ ಇಡೀ ಪಿಜ್ಜಾವನ್ನೇ ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ತಿನ್ನುತ್ತಾರೆ. ಅಲ್ಲಿನ ಹೋಟೆಲಿನಲ್ಲಿ ಕೂತರೆ ತಲಾ ಒಂದು ಪಿಜ್ಜಾ, ಚಾಕು–ಫೋರ್ಕ್. ಎರಡೂ ಸರಿಯೇ. ಹಲ್ಲಿಲ್ಲದ ಅಜ್ಜ ಅಜ್ಜಿ ಜೊತೆಗಿದ್ದರೆ ಥಿನ್ ಕ್ರಸ್ಟ್ ಬೇಡ, ಅದು ಹಪ್ಪಳದಂತೆ ಗಡಸು. ಕೈಯಲ್ಲಿ ತಟ್ಟಿದ ಸಾದಾ ಬೇಸ್ ಕೇಳಿ.

ಸಸ್ಯಾಹಾರ, ಈರುಳ್ಳಿ–ಬೆಳ್ಳುಳ್ಳಿ

“ಈರುಳ್ಳಿ ಹಾಕಬೇಡಿ” ಎಂದರೆ ಸಾಲದು. ಬೆಳ್ಳುಳ್ಳಿ ಸಾಸಿನಲ್ಲೇ ಬೆಂದಿರುತ್ತದೆ, ಅದನ್ನು ಹೆಕ್ಕಿ ತೆಗೆಯಲಾಗದು. ಸಾಸ್ ಬಿಟ್ಟು ಬೇಸಿನ ಮೇಲೆ ಆಲಿವ್ ಎಣ್ಣೆ ಸವರಿ ಚೀಸ್, ಟೊಮೆಟೊ ಬಿಲ್ಲೆ, ಬೇಸಿಲ್ ಹಾಕಿಕೊಡಲು ಹೇಳಿ, ಚೆನ್ನಾಗಿರುತ್ತದೆ. ವೆಜ್–ನಾನ್‌ವೆಜ್ ಎರಡೂ ಮಾಡುವ ಅಂಗಡಿಯಾದರೆ ಪಿಜ್ಜಾ ಕತ್ತರಿಸುವ ಚಕ್ರ ಒಂದೇ ಇರಬಹುದು. ಶ್ರಾವಣದಲ್ಲಿ, ಸೋಮವಾರ–ಶನಿವಾರದ ನೇಮ ಇರುವವರು ಬೇರೆ ಚಕ್ರ ಬಳಸಲು ಮೊದಲೇ ಹೇಳಬೇಕು. ಇಟಲಿಯ ಅಸಲಿ ಪಾರ್ಮಿಜಾನೊ ಚೀಸನ್ನು ಕರುವಿನ ಜಠರದಿಂದ ತೆಗೆದ, ಹಾಲು ಒಡೆಸುವ ರೆನೆಟ್ ಬಳಸಿ ಮಾಡುತ್ತಾರೆ. ಸಸ್ಯಾಹಾರಿಗಳು ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ನೋಡಿಕೊಳ್ಳಬೇಕು. ಡಿಪ್ ಆಗಿ ಕೊಡುವ ಮಯೋನೇಸ್‌ನಲ್ಲಿ ಮೊಟ್ಟೆ ಇದೆಯೇ ಎಂದೂ ಕೇಳಿ.

ಬಿಲ್

ಹೋಟೆಲ್ ಊಟಕ್ಕೆ ಜಿಎಸ್‌ಟಿ ಶೇ 5, ಬಿಲ್ಲಿನಲ್ಲಿ ಎರಡೂವರೆ ಎರಡೂವರೆಯಾಗಿ ಎರಡು ಸಾಲು ಇರುತ್ತದೆ. ವಹಿವಾಟಿನ ಮೇಲೆ ಸರಳ ತೆರಿಗೆ ಕಟ್ಟುವ ‘ಕಾಂಪೊಸಿಷನ್’ ಯೋಜನೆಯಲ್ಲಿರುವ ಸಣ್ಣ ಅಂಗಡಿಗಳು ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಸರ್ವಿಸ್ ಚಾರ್ಜ್ ಅನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಸೇರಿಸಿದ್ದರೆ ತೆಗೆಯಲು ಕೇಳಿ, ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಖುಷಿಯಾಗಿ ಹುಡುಗನ ಕೈಗೆ ಕೊಡುವ ಟಿಪ್ಸ್ ಬೇರೆ, ಅದು ನಿಮ್ಮಿಷ್ಟ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ಆಹಾರ ಪರವಾನಗಿ ಅಥವಾ ನೋಂದಣಿ ನಂಬರ್ ಬಿಲ್ಲಿನ ಮೇಲೆ ಇರಬೇಕು.

ಉಳಿದದ್ದನ್ನು ಕಟ್ಟಿಸಿಕೊಂಡರೆ

ಡಬ್ಬಿಯನ್ನು ಬಿಗಿಯಾಗಿ ಮುಚ್ಚಿದರೆ ಹಬೆ ಒಳಗೇ ನಿಂತು ತಳ ನೆನೆಯುತ್ತದೆ, ಒಂದು ಬದಿ ಸ್ವಲ್ಪ ತೆರೆದಿಡಿ. ಮನೆಗೆ ಹೋದ ಕೂಡಲೇ ಫ್ರಿಜ್ಜಿಗೆ ಸೇರಿಸಿ. ನಮ್ಮ ಬೇಸಿಗೆಯ ಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಟ್ಟ ಪಿಜ್ಜಾ ತಿನ್ನಬಾರದು. ಮರುದಿನ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ತೊಗಲಿನಂತಾಗುತ್ತದೆ. ದೋಸೆ ಹಂಚನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಎಣ್ಣೆ ಹಾಕದೆ ತುಂಡನ್ನಿಟ್ಟು ಮೂರು ನಿಮಿಷ ಬಿಡಿ, ತಳ ಗರಿಯಾಗುತ್ತದೆ. ಆಮೇಲೆ ಹಂಚಿನ ಅಂಚಿಗೆ, ಪಿಜ್ಜಾಕ್ಕೆ ತಾಗದ ಹಾಗೆ, ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಳ ಹಾಕಿ. ಒಂದು ನಿಮಿಷದಲ್ಲಿ ಆ ಹಬೆಗೆ ಚೀಸ್ ಕರಗುತ್ತದೆ.