ಮೆಟಾಲಿಕಾ ಕೇಳಲು ಹುಬ್ಬಳ್ಳಿಯಿಂದ ಅರಮನೆ ಮೈದಾನಕ್ಕೆ

ನಮ್ಮ ಮಾವನದು ಹುಬ್ಬಳ್ಳಿಯಲ್ಲಿ ಮೈಕ್ ಸೆಟ್ ಅಂಗಡಿ. ಮದುವೆ, ಜಾತ್ರೆ, ಗಣಪತಿ ಹಬ್ಬ, ಎಲೆಕ್ಷನ್ ಭಾಷಣ, ಎಲ್ಲದಕ್ಕೂ ಸ್ಪೀಕರ್ ಬಾಕ್ಸು, ಹಾರ್ನು, ಸದ್ದು ಹೊಂದಿಸುವ ಮಿಕ್ಸರ್ ಬಾಡಿಗೆಗೆ ಕೊಡುತ್ತೇವೆ. ಹೈಸ್ಕೂಲಿನಿಂದಲೇ ನಾನು ಅಲ್ಲಿ ವೈರ್ ಸುತ್ತುತ್ತಾ ಬೆಳೆದವನು. ಹಾಗಾಗಿ ಹಾಡು ಅಂದರೆ ನನಗೆ ಮೊದಲು ಸದ್ದು. ಯಾವ ಬಾಕ್ಸಿನಿಂದ ಬರುತ್ತಿದೆ, ಬಾಸ್ ಎಷ್ಟಿದೆ, ಹಿಂದಿನ ಸಾಲಿಗೆ ಮುಟ್ಟುತ್ತಿದೆಯಾ ಅನ್ನುವುದು ತಾನಾಗಿಯೇ ತಲೆಗೆ ಬರುತ್ತದೆ.

ಪಿಯುಸಿಯಲ್ಲಿದ್ದಾಗ ಗೆಳೆಯನೊಬ್ಬ ಒಂದು ಕ್ಯಾಸೆಟ್ ಕೊಟ್ಟ. ಹೊದಿಕೆ ಪೂರ್ತಿ ಕಪ್ಪು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಮೂಲೆಯಲ್ಲಿ ಸುರುಳಿ ಸುತ್ತಿ ಮಲಗಿದ ಹಾವು ಕಾಣುತ್ತಿತ್ತು. ಅದು ಮೆಟಾಲಿಕಾ ಅನ್ನುವ ಅಮೆರಿಕದ ಹೆವಿ ಮೆಟಲ್ ಬ್ಯಾಂಡಿನ 1991ರ ಆಲ್ಬಂ. ಮೊದಲ ಹಾಡು 'ಎಂಟರ್ ಸ್ಯಾಂಡ್‌ಮ್ಯಾನ್'. ಒಂದೇ ಗಿಟಾರ್ ಮೆಲ್ಲಗೆ ಶುರುವಾಗುತ್ತದೆ, ಆಮೇಲೆ ಡ್ರಮ್ ಸೇರುತ್ತದೆ, ಆಮೇಲೆ ಎಲ್ಲವೂ ಒಟ್ಟಿಗೆ ಮೈಮೇಲೆ ಬರುತ್ತವೆ. ಆವತ್ತೇ ಮುಗಿಯಿತು, ಬೇರೆ ಏನೂ ಬೇಕೆನಿಸಲಿಲ್ಲ. ಆಮೇಲೆ ಹುಡುಕಿ ಹುಡುಕಿ ಹಿಂದಿನವನ್ನೂ ಕೇಳಿದೆ, 1986ರ 'ಮಾಸ್ಟರ್ ಆಫ್ ಪಪೆಟ್ಸ್', 1988ರ ಆಲ್ಬಂ, ಎಲ್ಲ. ಆದರೆ ಕೇಳಿದ್ದೆಲ್ಲ ಇಯರ್‌ಫೋನಿನಲ್ಲಿ. ಮನೆಯಲ್ಲಿ ಅಜ್ಜಿ ಮಲಗಿರುತ್ತಿದ್ದರು. ಅಂಗಡಿಯ ದೊಡ್ಡ ಬಾಕ್ಸಿನಲ್ಲಿ ಹಾಕಲು ಮಾವ ಬಿಡುತ್ತಿರಲಿಲ್ಲ. ಏಳೆಂಟು ವರ್ಷ ಅಷ್ಟು ದೊಡ್ಡ ಸದ್ದನ್ನು ಚಿಕ್ಕದಾಗಿ ಕೇಳಿದೆ.

2011ರಲ್ಲಿ ಮೆಟಾಲಿಕಾ ಬೆಂಗಳೂರಿಗೆ ಬರುತ್ತಿದೆ ಅಂತ ಗೊತ್ತಾಯಿತು. ಅಕ್ಟೋಬರ್ 30, ಭಾನುವಾರ, ಅರಮನೆ ಮೈದಾನ. ಅದಕ್ಕೆ ಎರಡು ದಿನ ಮೊದಲು, 28ಕ್ಕೆ, ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಒಂದು ಶೋ ಇತ್ತು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯ ತನ್ನ ಕಾರ್ಡಿನಲ್ಲಿ ಇಬ್ಬರಿಗೂ ಟಿಕೆಟ್ ತೆಗೆದ. ನಾನು ಅವನಿಗೆ ಮೂರು ಕಂತಿನಲ್ಲಿ ದುಡ್ಡು ಕೊಟ್ಟೆ.

ಮಾವನಿಗೆ ಹೇಳಿದಾಗ ಅವರು ಸೋಲ್ಡರಿಂಗ್ ಮಾಡುತ್ತಾ ಕೂತಿದ್ದರು. "ಅಷ್ಟ್ ರೊಕ್ಕಾ ಕೊಟ್ಟು ಹಾಡು ಕೇಳಾಕ ಬೆಂಗಳೂರಿಗೆ ಹೊಂಟಿಯೇನಲೇ?" ಅಂದರು. ಹೌದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗು. ಆದ್ರ ಬಾಕ್ಸ್ ಹೆಂಗ ಕಟ್ಟ್ಯಾರ ನೋಡ್ಕೊಂಡ ಬಾ" ಅಂದರು. ಆ ಮಾತು ನನಗೆ ತುಂಬಾ ಉಪಯೋಗಕ್ಕೆ ಬಂತು.

ಆ ವರ್ಷ ದೀಪಾವಳಿ 26ಕ್ಕೆ ಇತ್ತು. ಬಲಿಪಾಡ್ಯಮಿ ಮುಗಿಸಿ ಶುಕ್ರವಾರ ಅಂಗಡಿಗೆ ಬಂದೆ. ಆವತ್ತು ರಾತ್ರಿ ಗೆಳೆಯನ ಫೋನ್ ಬಂತು. ಗುರುಗ್ರಾಮದ ಶೋ ನಡೆದಿರಲಿಲ್ಲ. ಜನರನ್ನು ತಡೆಯುವ ಕಟಕಟೆ ಬಿದ್ದಿದೆ, ಸುರಕ್ಷತೆ ಇಲ್ಲ ಅಂತ ನಿಲ್ಲಿಸಿದ್ದಾರೆ, ಜನ ಸಿಟ್ಟಿಗೆದ್ದು ಸ್ಟೇಜ್ ಹತ್ತಿದ್ದಾರೆ ಅಂದ. ನನಗೆ ನಿದ್ದೆ ಬರಲಿಲ್ಲ. ಬೆಂಗಳೂರಿನದೂ ಹೋಯಿತು ಅಂತಲೇ ಅಂದುಕೊಂಡೆ. ಆದರೂ ಶನಿವಾರ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆ. ರದ್ದಾದರೂ ಮೈದಾನದ ಗೇಟಿನ ತನಕ ಹೋಗಿ ನೋಡಿಯೇ ಬರಬೇಕು ಅನ್ನುವಂಥ ಹಟ ಅದು. ಅವ್ವ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹಬ್ಬದ ಚಕ್ಕುಲಿ ಕಟ್ಟಿ ಕೊಟ್ಟಿದ್ದಳು.

ಬೆಳಿಗ್ಗೆ ಸಿಟಿ ಸ್ಟೇಷನ್ನಿನಲ್ಲಿ ಇಳಿದಾಗ ಗೆಳೆಯ ಕಾಯುತ್ತಿದ್ದ. ಶೋ ಇದೆ ಅಂದ. ಅವನ ರೂಮಿನಲ್ಲಿ ಸ್ನಾನ ಮಾಡಿ ಹೊರಟೆವು. ನಮ್ಮ ಮೆಟ್ರೊ ಆಗ ಶುರುವಾಗಿ ಹತ್ತೇ ದಿನ ಆಗಿತ್ತು, ಎಂ.ಜಿ. ರೋಡಿನಿಂದ ಬೈಯಪ್ಪನಹಳ್ಳಿ ತನಕ. ಅದರಲ್ಲೊಂದು ಸುತ್ತು ಹೋಗಿ ಬಂದೆವು. ನನ್ನ ಮನಸ್ಸು ಅಲ್ಲಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೇಖ್ರಿ ಸರ್ಕಲ್ ಕಡೆ ಬಸ್ಸಿನಲ್ಲಿ ಹೋದೆವು. ದೂರದಿಂದಲೇ ಕಪ್ಪು ಟೀ ಶರ್ಟಿನ ಹುಡುಗರ ಸಾಲು ಕಾಣುತ್ತಿತ್ತು. ಅಷ್ಟು ಕಪ್ಪು ಶರ್ಟು ಒಟ್ಟಿಗೆ ನಾನು ಯಾವತ್ತೂ ನೋಡಿರಲಿಲ್ಲ. ಒಳಗೆ ತಿಂಡಿ ಬಿಡುವುದಿಲ್ಲ ಅಂತ ಗೊತ್ತಾದ ಮೇಲೆ ರಸ್ತೆ ಬದಿಯ ಮರದ ಕೆಳಗೆ ರೊಟ್ಟಿ ಬಿಚ್ಚಿದೆವು. ಪಕ್ಕದಲ್ಲಿ ದೆಹಲಿ ಕಡೆಯ ಇಬ್ಬರು ಹುಡುಗರು ಕೂತಿದ್ದರು. ಅಲ್ಲಿ ಶೋ ರದ್ದಾದ ಮೇಲೆ ಸಿಕ್ಕ ವಿಮಾನ ಹತ್ತಿ ಬಂದಿದ್ದರು. ಇಬ್ಬರ ಮುಖದಲ್ಲೂ ಎರಡು ದಿನದ ನಿದ್ದೆಗೇಡು. ನಾವು ರೊಟ್ಟಿ ಕೊಟ್ಟೆವು. ಅವರಿಗೆ ಚಟ್ನಿ ಖಾರ ಆಯಿತು, ಆದರೂ ಪೂರ್ತಿ ತಿಂದರು.

ಒಳಗೆ ನೆಲ ಕೆಸರು. ಮಳೆ ಬಂದು ತುಳಿದು ತುಳಿದು ರಾಡಿಯಾಗಿತ್ತು. ಗೆಳೆಯ ಚಪ್ಪಲಿ ಹಾಕಿಕೊಂಡು ಬಂದಿದ್ದ, ಅದರಲ್ಲೊಂದು ಸಂಜೆಗೆ ಮೊದಲೇ ಕೆಸರಿನಲ್ಲಿ ಕಿತ್ತು ಹೋಯಿತು. ಬಯಲಿನ ಶೋಗೆ ಹೋಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಲೇಸ್ ಬಿಗಿದು ಕಟ್ಟುವ ಹಳೆಯ ಶೂ ಹಾಕಿ. ಎರಡನೆಯದು, ಒಳಗೆ ಹೋದ ಕೂಡಲೇ ಕಳೆದುಹೋದರೆ ಎಲ್ಲಿ ಸೇರಬೇಕು ಅಂತ ಒಂದು ಜಾಗ ಗುರುತು ಮಾಡಿಕೊಳ್ಳಿ. ಸಾವಿರಾರು ಜನ ಒಂದೇ ಕಡೆ ನಿಂತಾಗ ಫೋನ್ ಹೋಗುವುದಿಲ್ಲ. ನಾವು ಒಂದು ದೀಪದ ಕಂಬ ಇಟ್ಟುಕೊಂಡಿದ್ದೆವು, ಕೊನೆಗೆ ಅದೇ ಕಂಬದ ಬುಡದಲ್ಲಿ ಸಿಕ್ಕೆವು.

ಸ್ಟೇಜ್ ನೋಡಿದ ಕೂಡಲೇ ನನ್ನ ಕಣ್ಣು ಹೋದದ್ದು ಬಾಕ್ಸುಗಳ ಮೇಲೆ. ನಾವು ಊರಲ್ಲಿ ಬಾಕ್ಸನ್ನು ನೆಲದ ಮೇಲೆ ಒಂದರ ಮೇಲೊಂದು ಪೇರಿಸುತ್ತೇವೆ. ಇಲ್ಲಿ ಎರಡೂ ಬದಿ ಮೇಲಿನಿಂದ ಇಳಿಬಿಟ್ಟಿದ್ದರು. ಒಂದರ ಕೆಳಗೊಂದು ಉದ್ದಕ್ಕೆ, ಕೆಳಗೆ ಬಂದಂತೆ ಒಳಕ್ಕೆ ಬಾಗಿದ ಬಾಳೆಗೊನೆಯ ಹಾಗೆ. ಮೇಲಿನವು ದೂರದವರಿಗೆ, ಬಾಗಿದ ಕೆಳಗಿನವು ಹತ್ತಿರದವರಿಗೆ. ಹೀಗೆ ಮಾಡಿದರೆ ಮುಂದೆ ನಿಂತವರ ಕಿವಿ ಹರಿಯುವುದಿಲ್ಲ, ಹಿಂದಿನವರಿಗೂ ಮಾತು ಕೇಳುತ್ತದೆ. ಬಾಸ್ ಬಾಕ್ಸುಗಳನ್ನು ಮಾತ್ರ ನೆಲದ ಮೇಲೆ ಇಟ್ಟಿದ್ದರು. ಕತ್ತು ನೋಯುವ ತನಕ ನೋಡಿದೆ. ಜೇಬಿನಲ್ಲಿದ್ದ ಟಿಕೆಟ್ ಹಿಂದೆ ಪೆನ್ನಿನಿಂದ ಅದರ ಚಿತ್ರ ಬರೆದುಕೊಂಡೆ. ಆ ಟಿಕೆಟ್ ಇವತ್ತಿಗೂ ಅಂಗಡಿಯ ಗಲ್ಲಾದಲ್ಲಿದೆ.

ಮೊದಲು ಬೆಂಗಳೂರಿನದೇ ಬ್ಯಾಂಡ್ ಇನ್ನರ್ ಸ್ಯಾಂಕ್ಟಮ್ ನುಡಿಸಿತು. ನಮ್ಮ ನಾಡಿನ ಹುಡುಗರು ಅಷ್ಟು ದೊಡ್ಡ ಸ್ಟೇಜ್ ಮೇಲೆ ನಿಂತದ್ದು ನೋಡಿ ಹೆಮ್ಮೆಯಾಯಿತು. ಸ್ಕಾಟ್ಲೆಂಡಿನ ಬ್ಯಾಂಡ್ ಬಿಫಿ ಕ್ಲೈರೋದವರೂ ನುಡಿಸಿದರು. ಅವರನ್ನು ನಾನು ಅಷ್ಟಾಗಿ ಕೇಳಿಸಿಕೊಳ್ಳಲಿಲ್ಲ, ಕಾಯುವ ಆತಂಕ ಜಾಸ್ತಿಯಾಗಿತ್ತು.

ಕತ್ತಲಾದ ಮೇಲೆ ದೀಪ ಆರಿತು. ಪರದೆಯ ಮೇಲೆ ಹಳೆಯ ಕೌಬಾಯ್ ಸಿನಿಮಾದ ಸ್ಮಶಾನದ ದೃಶ್ಯ, ಜೊತೆಗೆ ಎನ್ನಿಯೋ ಮೊರಿಕೋನೆ ಅವರ ಸಂಗೀತ. 1983ರಿಂದಲೂ ಮೆಟಾಲಿಕಾ ಸ್ಟೇಜಿಗೆ ಬರುವುದು ಅದೇ ಸಂಗೀತಕ್ಕೆ. ಅದರಲ್ಲಿ ಪದ ಇಲ್ಲ, ಒಂದು ಹೆಣ್ಣು ದನಿ ಮೇಲೇರುತ್ತಾ ಹೋಗುತ್ತದೆ ಅಷ್ಟೇ. ಮೈದಾನ ಪೂರ್ತಿ ಆ ರಾಗವನ್ನು ಗುನುಗತೊಡಗಿತು. ನನ್ನ ಎಡಕ್ಕೆ ನಿಂತಿದ್ದ ನಡುವಯಸ್ಸಿನವರೊಬ್ಬರು ಕಣ್ಣು ಮುಚ್ಚಿ ಗುನುಗುತ್ತಿದ್ದರು. ಆಮೇಲೆ 'ಕ್ರೀಪಿಂಗ್ ಡೆತ್' ಶುರುವಾಯಿತು.

ಆ ಮೊದಲ ಪೆಟ್ಟು ಕಿವಿಗೆ ಬೀಳಲಿಲ್ಲ, ಎದೆಗೂಡಿಗೆ ಬಿತ್ತು. ಲಾರ್ಸ್ ಉಲ್ರಿಚ್ ಕಾಲಲ್ಲಿ ಒದೆಯುವ ಬಾಸ್ ಡ್ರಮ್ ಪ್ರತಿ ಸಲವೂ ನನ್ನ ಅಂಗಿಯ ಬಟ್ಟೆಯನ್ನು ಎದೆಗೆ ಒತ್ತುತ್ತಿತ್ತು. ಕೈ ಇಟ್ಟು ನೋಡಿದೆ, ನಿಜವಾಗಿ ಬಟ್ಟೆ ಅದುರುತ್ತಿತ್ತು. ಏಳೆಂಟು ವರ್ಷದಿಂದ ಬಾಯಿಪಾಠ ಆಗಿದ್ದ ಹಾಡಿನಲ್ಲಿ ಇಷ್ಟೆಲ್ಲ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ನನಗೆ ಅಳು ಬಂತು.

ನಾಲ್ಕೈದು ಹಾಡು ಮುಂದೆಯೇ ನಿಂತಿದ್ದೆ. ಅಲ್ಲಿ ಖುಷಿ ಇದೆ, ಹಾಡುವ ಜೇಮ್ಸ್ ಹೆಟ್‌ಫೀಲ್ಡ್ ಮುಖದ ಬೆವರು ಕಾಣುತ್ತದೆ. ಆದರೆ ತಳ್ಳಾಟ, ಮತ್ತೆ ಬಾಸ್ ಜಾಸ್ತಿಯಾಗಿ ದನಿ ಮುಳುಗುತ್ತಿತ್ತು. ಗೆಳೆಯನಿಗೆ ಹೇಳಿ ಹಿಂದಕ್ಕೆ ನಡೆದೆ. ಮೈದಾನದ ನಡುವೆ ಒಂದು ಟೆಂಟ್ ಹಾಕಿ, ಅಲ್ಲಿ ಕೂತು ಮಿಕ್ಸರ್ ನಡೆಸುತ್ತಾರೆ. ಆ ಟೆಂಟಿನ ಮುಂದೆ ನಿಂತೆ. ನನ್ನ ಕಸುಬಿನವರಿಗೆ ಇದು ಗೊತ್ತು. ಮಿಕ್ಸರ್ ಮುಂದೆ ಕೂತವನು ತನ್ನ ಕಿವಿಗೆ ಸರಿ ಅನಿಸುವಂತೆ ಸದ್ದು ಹೊಂದಿಸುತ್ತಾನೆ, ಆದ್ದರಿಂದ ಅವನ ಹತ್ತಿರ ನಿಂತರೆ ಎಲ್ಲವೂ ಅಳತೆಯಲ್ಲಿ ಕೇಳುತ್ತದೆ. ಕರ್ಕ್ ಹ್ಯಾಮೆಟ್ ಗಿಟಾರ್, ರಾಬರ್ಟ್ ಟ್ರುಹಿಯೋ ಬಾಸ್, ಒಂದೊಂದೂ ಬಿಡಿಬಿಡಿಯಾಗಿ ಬಂತು. ಇನ್ನೊಂದು ವಿಷಯವೂ ಅಲ್ಲಿ ಕಂಡಿತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅರವತ್ತು ಎಪ್ಪತ್ತು ಮೀಟರ್ ದೂರದಲ್ಲಿ ನಿಂತರೆ ಲಾರ್ಸ್ ಕೋಲು ಬಿದ್ದದ್ದು ಮೊದಲು ಕಾಣುತ್ತದೆ, ಸದ್ದು ಕಣ್ಣು ಮಿಟುಕಿಸುವಷ್ಟು ತಡವಾಗಿ ಬರುತ್ತದೆ. ಊರಲ್ಲಿ ದೂರದ ಹೊಳೆದಂಡೆಯಲ್ಲಿ ಬಟ್ಟೆ ಒಗೆಯುವಾಗ ಕಂಡದ್ದೇ ಅದು.

'ಒನ್' ಹಾಡಿಗೆ ಮೊದಲು ಗುಂಡಿನ ಸದ್ದು ಬರುತ್ತದೆ. ಆಮೇಲೆ ಪೂರ್ತಿ ಮೌನ, ಒಂದೇ ಗಿಟಾರ್. ಆ ಮೆಲುದನಿ ಅಷ್ಟು ದೊಡ್ಡ ಬಯಲಿನ ಕೊನೆಯ ತನಕ ಸ್ವಚ್ಛವಾಗಿ ಹೋಯಿತು. ಜೋರಾಗಿ ಕೇಳಿಸುವುದು ಯಾರ ಕೈಯಲ್ಲೂ ಆಗುತ್ತದೆ, ಬಯಲಿನಲ್ಲಿ ಮೆಲ್ಲನೆಯದನ್ನು ಕೇಳಿಸುವುದೇ ಕೆಲಸ. 'ನಥಿಂಗ್ ಎಲ್ಸ್ ಮ್ಯಾಟರ್ಸ್' ಬಂದಾಗ ಪಕ್ಕದವರೆಲ್ಲ ಹಾಡಿದರು, ನಾನು ಹಾಡಲಿಲ್ಲ. ಕೇಳಬೇಕಿತ್ತು. ಆಮೇಲೆ 'ಎಂಟರ್ ಸ್ಯಾಂಡ್‌ಮ್ಯಾನ್'. ಆ ಮೊದಲ ಗಿಟಾರ್ ಬಂದಾಗ ನನ್ನ ಕೈ ಕಾಲು ನಿಲ್ಲಲಿಲ್ಲ. ಕೊನೆಗೆ 'ಸೀಕ್ ಆ್ಯಂಡ್ ಡಿಸ್ಟ್ರಾಯ್'.

ಒಂದು ತಪ್ಪು ಮಾಡಿದ್ದೆ. ಕಿವಿಗೆ ಹತ್ತಿ ಇಟ್ಟುಕೊಂಡು ಹೋಗಿದ್ದೆ. ಹತ್ತಿ ಹೆಚ್ಚೇನೂ ತಡೆಯುವುದಿಲ್ಲ. ಎರಡು ದಿನ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಸದ್ದು ಎಷ್ಟು ಜೋರು ಅಂತ ಅಳೆಯುವುದು ಡೆಸಿಬಲ್‌ನಲ್ಲಿ. 85 ಡೆಸಿಬಲ್ ಸದ್ದನ್ನು ಕಿವಿಗೆ ಪೆಟ್ಟಾಗದಂತೆ ಎಂಟು ಗಂಟೆ ಕೇಳಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಹೊತ್ತು ಅರ್ಧಕ್ಕಿಳಿಯುತ್ತದೆ. 100ಕ್ಕೆ ಬಂದರೆ ಹದಿನೈದೇ ನಿಮಿಷ. ರಾಕ್ ಶೋ ಎರಡು ಗಂಟೆ ನಡೆಯುತ್ತದೆ. ಮೆಡಿಕಲ್ ಶಾಪಿನಲ್ಲಿ ಸ್ಪಂಜಿನ ಇಯರ್‌ಪ್ಲಗ್ ಸಿಗುತ್ತದೆ. ಬೆರಳಿನಲ್ಲಿ ಹೊಸೆದು ಸಣ್ಣ ಮಾಡಿ, ಕಿವಿಯನ್ನು ಮೇಲಕ್ಕೆ ಎಳೆದು ಒಳಗೆ ತಳ್ಳಿ, ಅರಳುವ ತನಕ ಬೆರಳಿನಿಂದ ಒತ್ತಿ ಹಿಡಿಯಬೇಕು. 2025ರ ಮೇ 17ಕ್ಕೆ ಮುಂಬೈನ ಮಹಾಲಕ್ಷ್ಮಿ ರೇಸ್‌ಕೋರ್ಸಿಗೆ ಗನ್ಸ್ ಎನ್ ರೋಸಸ್ ಬ್ಯಾಂಡ್ ಕೇಳಲು ಹೋದಾಗ ಹೀಗೇ ಮಾಡಿದೆ. ಎದೆಗೆ ಬಡಿಯುವುದು ಕಡಿಮೆ ಆಗಲಿಲ್ಲ, ಮಾರನೆ ದಿನ ಕಿವಿಯೂ ಚೆನ್ನಾಗಿತ್ತು. ಮಕ್ಕಳನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಮರೆಯಬೇಡಿ.

ವಾಪಸ್ ಬರಲು ನಾನು ರೈಲು ನಂಬಲಿಲ್ಲ, ಶೋ ಯಾವಾಗ ಮುಗಿಯುತ್ತದೋ ಹೇಳಲಾಗುವುದಿಲ್ಲ. ಮೇಖ್ರಿ ಸರ್ಕಲ್‌ನಿಂದ ತುಂಬಾ ದೂರ ನಡೆದು ಆಟೋ ಹಿಡಿದು, ಮೆಜೆಸ್ಟಿಕ್‌ನಲ್ಲಿ ಕಡೆಯ ಹುಬ್ಬಳ್ಳಿ ಬಸ್ ಹತ್ತಿದೆ. 400 ಕಿಲೋಮೀಟರ್ ದಾರಿಯಲ್ಲಿ ಮಂಡಿ ತನಕ ಕೆಸರು ಒಣಗಿ ಉದುರುತ್ತಿತ್ತು. ಕಂಡಕ್ಟರ್, "ಗದ್ದಿಯೊಳಗಿಂದ ಬಂದ್ರೇನ್ರಿ?" ಅಂತ ಕೇಳಿದರು.

ಮಾವ ಟಿಕೆಟ್ ಹಿಂದಿನ ಚಿತ್ರವನ್ನು ತುಂಬಾ ಹೊತ್ತು ನೋಡಿದರು. ಹೆಂಗಿತ್ತು ಅಂತ ಕೇಳಲಿಲ್ಲ, ಎಷ್ಟು ಎತ್ತರ ಇತ್ತು ಅಂತ ಕೇಳಿದರು. ಮುಂದಿನ ತಿಂಗಳು ಕುಂದಗೋಳದಲ್ಲಿ ಒಂದು ಮದುವೆ ಇತ್ತು. ನಮ್ಮ ಹತ್ತಿರ ಇಳಿಬಿಡುವ ಸಾಮಾನು ಇರಲಿಲ್ಲ. ಎರಡು ಕಡೆ ಪೆಂಡಾಲಿನ ಕಬ್ಬಿಣದ ಪೈಪ್ ಕಟ್ಟಿ, ಹಲಗೆ ಹಾಕಿ, ಬಾಕ್ಸನ್ನು ಜನರ ತಲೆಗಿಂತ ಮೇಲಕ್ಕೆ ಏರಿಸಿದೆವು. ಕೆಳಗೆ ಇಟ್ಟಿಗೆ ಚೂರು ಕೊಟ್ಟು ಮುಂದಕ್ಕೆ ಸ್ವಲ್ಪ ಬಗ್ಗಿಸಿದೆ. ಯಾವಾಗಲೂ ಇಡುವುದಕ್ಕಿಂತ ವಾಲ್ಯೂಮ್ ಕಡಿಮೆ ಇಟ್ಟೆ. ಶಾಸ್ತ್ರಿಗಳು ಮಂತ್ರ ಶುರು ಮಾಡಿದರು. ಮಾವ ಪೆಂಡಾಲಿನ ಹಿಂದೆ, ಊಟದ ಎಲೆ ಹಾಕುತ್ತಿದ್ದ ಕಡೆ ಹೋಗಿ ನಿಂತರು. ಅಲ್ಲಿಂದ ಬಂದು ನನ್ನ ಪಕ್ಕ ಕೂತರು.

"ಒಂದೊಂದ್ ಅಕ್ಷರ ಕೇಳಾಕತ್ತೈತಿ" ಅಂದರು.